ಎರಡು ರನ್ನಿನ ಅಂತರ: ಕಾಸಿಮೇಡಿನಿಂದ ಕಂಡಂತೆ

ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಒಟ್ಟು 61 ದಿನ, ಯಂತ್ರಚಾಲಿತ ಟ್ರಾಲರ್ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಸರಕಾರ ವಿಧಿಸಿರುವ ಈ ನಿಷೇಧ 2017ಕ್ಕೆ ಮೊದಲು 45 ದಿನಗಳದ್ದಾಗಿತ್ತು. ಇದೇ ತಿಂಗಳುಗಳಲ್ಲಿ ಐಪಿಎಲ್ ಕ್ರಿಕೆಟ್ಟೂ ನಡೆಯುತ್ತದೆ. ನಮ್ಮ ಮಲ್ಪೆ ಮಂಗಳೂರುಗಳ ಕಡೆ ನಿಷೇಧ ಜೂನ್ 1ಕ್ಕೆ ಆರಂಭವಾಗಿ ಜುಲೈ 31ಕ್ಕೆ ಮುಗಿಯುವುದರಿಂದ ಅಲ್ಲಿಯ ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ಐಪಿಎಲ್ ಸಾಮಾನ್ಯವಾಗಿ ಮುಗಿದಿರುತ್ತದೆ. ಮಲ್ಪೆಯ ಮೀನುಗಾರನಿಗೆ ಅದು ದುಡಿಮೆಯ ಕೊನೆಯ ವಾರಗಳ ಆಟ. ಚೆನ್ನೈಯ ಕಾಸಿಮೇಡಿನವನಿಗೆ ಬರಿಗೈಯ ಕಾಲದ ಆಟ. ಕ್ರಿಕೆಟ್ಟಿನ ಮೇಲೆ ಇಷ್ಟೊಂದು ಬರೆಯುವವರಲ್ಲಿ ಯಾರೂ ಈ ಕ್ಯಾಲೆಂಡರನ್ನು ಗಮನಿಸಿದಂತೆ ಕಾಣುವುದಿಲ್ಲವಾದ್ದರಿಂದ, ಪಂದ್ಯದ ಮಾತಿಗೆ ಮೊದಲು ಇದನ್ನು ಹೇಳಬೇಕಾಯಿತು.

ಸಾಹಿತ್ಯದ ಬಳಗಕ್ಕೆ ಚೆಂಡು ದಾಂಡಿನ ಉಸಾಬರಿ ಏಕೆ ಎಂದು ಕೇಳುವ ಹಿರಿಯರು ನಮ್ಮಲ್ಲಿಯೇ ಇದ್ದಾರೆ. ಚೆನ್ನೈಯಲ್ಲಿ ಕನ್ನಡಿಗರಾಗಿ ಬಾಳುವವರು ತಾವು ಯಾರೆಂಬ ಪ್ರಶ್ನೆಯನ್ನು ವರ್ಷಕ್ಕೆ ಎರಡು ಸಲವಾದರೂ ಎದುರಿಸುತ್ತಾರೆ: ಕಾವೇರಿಯಲ್ಲಿ ನೀರು ಕಡಿಮೆಯಾದಾಗ ಒಮ್ಮೆ, ಬೆಂಗಳೂರಿನ ತಂಡವೂ ಚೆನ್ನೈಯ ತಂಡವೂ ಎದುರುಬದುರಾದಾಗ ಮತ್ತೊಮ್ಮೆ. ಮೊದಲನೆಯದರ ಬಗ್ಗೆ ನಮ್ಮ ಬಳಗದವರು ಬೇಕಾದಷ್ಟು ಬರೆದಿದ್ದಾರೆ. ಎರಡನೆಯದನ್ನು ಲಘುವೆಂದು ತಳ್ಳಿಬಿಟ್ಟಿದ್ದೇವೆ. ಅದು ಲಘುವಲ್ಲವೆಂಬುದು ಈ ಬರಹದ ವಾದ.

2025ರ ಮೇ 3, ಶನಿವಾರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಮೊದಲು ದಾಂಡು ಹಿಡಿದು 5 ವಿಕೆಟ್ಟಿಗೆ 213 ರನ್ ಗಳಿಸಿತು. ವಿರಾಟ್ ಕೊಹ್ಲಿ, ಜೇಕಬ್ ಬೆತೆಲ್ ಇಬ್ಬರೂ ಐವತ್ತು ದಾಟಿದರು. ಆದರೂ ಮೊತ್ತ ಅಷ್ಟು ಮೇಲಕ್ಕೇರಿದ್ದು ಕೊನೆಯ ಎರಡು ಓವರುಗಳಲ್ಲಿ ಬಂದ 54 ರನ್ನುಗಳಿಂದ. ರೊಮಾರಿಯೊ ಶೆಫರ್ಡ್ 14 ಎಸೆತಗಳಲ್ಲಿ 53 ಹೊಡೆದರು. ಖಲೀಲ್ ಅಹಮದರ ಒಂದೇ ಓವರಿನಲ್ಲಿ 33 ರನ್ ಹೋಯಿತು. ಉತ್ತರವಾಗಿ ಚೆನ್ನೈ ಸೂಪರ್ ಕಿಂಗ್ಸ್ ಪರ 17 ವರ್ಷದ ಹುಡುಗ ಆಯುಷ್ ಮ್ಹಾತ್ರೆ 48 ಎಸೆತಗಳಲ್ಲಿ 94 ಹೊಡೆದ. ರವೀಂದ್ರ ಜಡೇಜ ಇನ್ನೊಂದು ತುದಿಯಲ್ಲಿ ಕೊನೆಯವರೆಗೂ ನಿಂತು 77 ಮಾಡಿದರು. ಕಡೆಯ ಓವರಿನಲ್ಲಿ 15 ರನ್ ಬೇಕು, ಚೆಂಡು ಯಶ್ ದಯಾಳರ ಕೈಯಲ್ಲಿ. ಮೊದಲೆರಡು ಎಸೆತಕ್ಕೆ ಒಂದೊಂದು ರನ್. ಮೂರನೆಯದಕ್ಕೆ ಧೋನಿ ಎಲ್‌ಬಿಡಬ್ಲ್ಯು. ಆಗ ಬಂದ ಶಿವಂ ದುಬೆ ಎದುರಿಸಿದ ಮೊದಲ ಚೆಂಡನ್ನೇ ಸಿಕ್ಸರಿಗೆ ಎತ್ತಿದರು, ಅದು ನೋಬಾಲೂ ಆಯಿತು. ಮೂರು ಎಸೆತದಲ್ಲಿ 13 ಬೇಕಿದ್ದದ್ದು ಕಣ್ಣುಮಿಟುಕಿಸುವಷ್ಟರಲ್ಲಿ ಮೂರು ಎಸೆತದಲ್ಲಿ 6ಕ್ಕೆ ಇಳಿಯಿತು. ಅದರಲ್ಲೂ ಮೊದಲಿನದು ಫ್ರೀಹಿಟ್. ಯಾರೇ ಆಗಲಿ ಚೆನ್ನೈ ಗೆದ್ದಿತೆಂದೇ ಹೇಳಬೇಕಾದ ಸ್ಥಿತಿ. ದಯಾಳರು ಆ ಮೂರು ಎಸೆತಗಳಲ್ಲಿ ಕೊಟ್ಟದ್ದು ಮೂರೇ ರನ್. ಚೆನ್ನೈ 211ಕ್ಕೆ ನಿಂತಿತು. ಅಂತರ ಎರಡು ರನ್.

ಈ ಪಂದ್ಯವನ್ನು ನಮ್ಮ ಬಳಗದ ನಾಲ್ವರು ಕಾಸಿಮೇಡಿನ ಮೀನುಗಾರಿಕಾ ಬಂದರಿನ ಬದಿಯ ಒಂದು ತಗಡಿನ ಚಪ್ಪರದಲ್ಲಿ ಕುಳಿತು ನೋಡಿದೆವು. ಬಲೆ ರಿಪೇರಿ ಮಾಡುವ ಜಾಗ ಅದು. ಹೊರಗೆ ದೋಣಿಗಳು ಒಂದಕ್ಕೊಂದು ಅಂಟಿಕೊಂಡು, ಒಂದರ ಮೇಲಿಂದ ಇನ್ನೊಂದಕ್ಕೆ ಕಾಲಿಟ್ಟು ಬಂದರಿನ ಆಚೆ ಬದಿಗೆ ನಡೆದುಹೋಗಬಹುದೆನ್ನುವ ಹಾಗೆ ನಿಂತಿದ್ದವು. ಒಳಗೆ ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳ ಮೇಲೆ ಒಂದು ಟಿವಿ, ಎದುರಿಗೆ ಮೂವತ್ತು ನಲವತ್ತು ಜನ. ಅರ್ಧದಷ್ಟು ಜನರ ಮಡಿಲಲ್ಲಿ ಬಲೆ ಇತ್ತು. ಓವರಿನ ನಡುವೆ ಕೈ ಹೊಲಿಯುತ್ತಿತ್ತು, ಚೆಂಡು ಎಸೆಯುವಾಗ ನಿಲ್ಲುತ್ತಿತ್ತು. ಚೆನ್ನೈ ತಂಡ ಪ್ಲೇಆಫ್ ಲೆಕ್ಕದಿಂದ ಅದಾಗಲೇ ಹೊರಬಿದ್ದಿದ್ದರೂ ಆ ಚಪ್ಪರದಲ್ಲಿ ಅದನ್ನು ಯಾರೂ ಲೆಕ್ಕಕ್ಕಿಟ್ಟಂತೆ ಕಾಣಲಿಲ್ಲ. ಬೆಂಗಳೂರಿನ ಎದುರು ಸೋಲಬಾರದು, ಅಷ್ಟೇ. ಅದೇ ಮಾರ್ಚ್ 28ರಂದು ಬೆಂಗಳೂರು ಚೆಪಾಕಿಗೆ ಬಂದು 50 ರನ್ನುಗಳಿಂದ ಗೆದ್ದುಹೋಗಿತ್ತು. 2008ರ ಮೇ ತಿಂಗಳ ನಂತರ ಬೆಂಗಳೂರಿಗೆ ಆ ಅಂಗಳದಲ್ಲಿ ದಕ್ಕಿದ ಮೊದಲ ಗೆಲುವು ಅದು. ಹದಿನೇಳು ವರ್ಷ ಕಾಪಾಡಿಕೊಂಡದ್ದು ಕೈಬಿಟ್ಟ ನೋವು ಇನ್ನೂ ಹಸಿಯಾಗಿತ್ತು.

ನಮ್ಮ ಪಕ್ಕದಲ್ಲಿ ಕುಳಿತಿದ್ದವರು ದೋಣಿ ನಡೆಸುವವರು, ನಮ್ಮ ಕರಾವಳಿಯ ಮಾತಿನಲ್ಲಿ ತಾಂಡೇಲರು. ಹರೆಯದಲ್ಲಿ ನಾಲ್ಕು ಹಂಗಾಮು ಮಂಗಳೂರಿನ ಧಕ್ಕೆಯಲ್ಲಿ ದುಡಿದವರಂತೆ. ತಮಿಳಿನ ವಂಜಿರ ನಮ್ಮಲ್ಲಿ ಅಂಜಲ್, ಮತ್ತಿ ನಮ್ಮಲ್ಲಿ ಬೂತಾಯಿ ಎಂದು ನಮಗೇ ಪಾಠ ಹೇಳಿದರು. ನಮ್ಮನ್ನು ಅವರು ಕರೆದದ್ದು ‘ಮಾರಾಯ್ರೇ’ ಎಂದು. ಈ ಎರಡು ತಂಡಗಳ ಹಳೆಯ ಜಿದ್ದಿನ ಪಂದ್ಯಗಳೆಲ್ಲ ಅವರ ನಾಲಿಗೆಯ ಮೇಲಿದ್ದವು. 2012ರ ಏಪ್ರಿಲ್ 12ರಂದು ಚೆಪಾಕಿನಲ್ಲಿ ಬೆಂಗಳೂರು 205 ಹೊಡೆದೂ ಸೋತದ್ದು, ಕೊಹ್ಲಿಯ ಕೈಗೆ 19ನೆಯ ಓವರನ್ನು ಕೊಟ್ಟು ಆಲ್ಬಿ ಮಾರ್ಕೆಲ್ ಅದರಲ್ಲಿ 28 ಬಾರಿಸಿದ್ದು, ಕೊನೆಯ ಎಸೆತಕ್ಕೆ ಜಡೇಜ ಬೌಂಡರಿ ಹೊಡೆದದ್ದು. ಮರುವರ್ಷ ಏಪ್ರಿಲ್ 13ರಂದು ಅದೇ ಅಂಗಳದಲ್ಲಿ ಕಡೆಯ ಎಸೆತಕ್ಕೆ ಜಡೇಜ ಕ್ಯಾಚಿತ್ತು ಬೆಂಗಳೂರಿನವರು ಕುಣಿಯಲು ಹೊರಟಾಗ ಆರ್. ಪಿ. ಸಿಂಗರ ಕಾಲು ಗೆರೆ ದಾಟಿದೆಯೆಂದು ಅಂಪೈರ್ ಕೈಚಾಚಿದ್ದು. ಆ ಎರಡು ದಿನವೂ ಅವರು ಕಡಲಿನಲ್ಲಿದ್ದರಂತೆ, ನಿಷೇಧಕ್ಕೆ ಮುಂಚಿನ ಕೊನೆಯ ಬಲೆ. ಫಲಿತಾಂಶ ತಿಳಿದದ್ದು ದಡಕ್ಕೆ ಬಂದಮೇಲೆ. ತಾವು ನೋಡದ ಪಂದ್ಯಗಳನ್ನು ಇಷ್ಟು ನಿಖರವಾಗಿ ನೆನಪಿಟ್ಟವರು ನಮ್ಮ ವಿಮರ್ಶಕರಲ್ಲಿಯೂ ವಿರಳ.

ದಯಾಳರ ಕೊನೆಯ ಎಸೆತ ಮುಗಿದಾಗ ಚಪ್ಪರ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ತಾಂಡೇಲರು ನಮ್ಮತ್ತ ತಿರುಗಿ, ಕೋಪವೇನೂ ಇಲ್ಲದೆ, ‘ನೀಂಗ ಜೈಚ್ಚಿಟ್ಟೀಂಗ’ ಎಂದರು. ನೀವು ಗೆದ್ದುಬಿಟ್ಟಿರಿ.

ಯಾರು ಗೆದ್ದದ್ದು? ನಮ್ಮ ನಾಲ್ವರಲ್ಲಿ ಇಬ್ಬರು ಈ ಊರಿಗೆ ಬಂದು ಮೂವತ್ತು ವರ್ಷ ಕಳೆದಿದೆ. ಒಬ್ಬರ ಮಕ್ಕಳು ಹಳದಿ ಅಂಗಿ ತೊಟ್ಟು ಚೆಪಾಕಿಗೆ ಹೋಗುವವರು. ಇನ್ನು ಆ ರಾತ್ರಿ ಬೆಂಗಳೂರನ್ನು ಗೆಲ್ಲಿಸಿದವರ ಪಟ್ಟಿ ಮಾಡಿದರೆ ದೆಹಲಿಯ ಕೊಹ್ಲಿ, ಇಂಗ್ಲೆಂಡಿನ ಬೆತೆಲ್, ಗಯಾನಾದ ಶೆಫರ್ಡ್, ದಕ್ಷಿಣ ಆಫ್ರಿಕದ ಎನ್‌ಗಿಡಿ, ಉತ್ತರ ಪ್ರದೇಶದ ದಯಾಳ್. ಕರ್ನಾಟಕದ ಪರ ಆಡುವ ದೇವದತ್ತ ಪಡಿಕ್ಕಲ್ ತಂಡದಲ್ಲಿದ್ದರೂ ಆ ದಿನ ಅವರ ಪಾಲು ಚಿಕ್ಕದು. ಚೆನ್ನೈಗಾಗಿ ಹೋರಾಡಿದವರು ಮುಂಬಯಿಯ ಮ್ಹಾತ್ರೆ ಮತ್ತು ದುಬೆ, ಸೌರಾಷ್ಟ್ರದ ಜಡೇಜ, ರಾಂಚಿಯ ಧೋನಿ. ಕೊನೆಯ ಓವರಿನಲ್ಲಿ ಅಂಗಳದಲ್ಲಿ ಆಡಿದ ಮಾತುಗಳು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದಿರಬೇಕು. ಕನ್ನಡ ತಮಿಳುಗಳ ಜಗಳವೆಂದು ಎರಡು ರಾಜ್ಯಗಳ ಕೋಟ್ಯಂತರ ಜನ ನೋಡಿದ ಆ ಹೋರಾಟದ ನಡುಮಧ್ಯದಲ್ಲಿ ಕನ್ನಡವೂ ಇರಲಿಲ್ಲ, ತಮಿಳೂ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿ, ಇದೆಲ್ಲ ಹಣದವರ ಹೂಟ, ನಕಲಿ ಅಭಿಮಾನ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ನಮ್ಮ ಬಳಗದ ಹಲವರ ನಿಲುವು ಅದೇ. ಆದರೆ ಕಾಸಿಮೇಡಿನ ಜನಕ್ಕೆ ಹರಾಜು ಎಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ. ದಿನವೂ ಬೆಳಗಿನ ಜಾವ ಅವರ ಬದುಕು ನಿರ್ಧಾರವಾಗುವುದೇ ಹರಾಜಿನ ಕೂಗಿನಲ್ಲಿ. 2024ರ ನವೆಂಬರಿನಲ್ಲಿ ಸೌದಿ ಅರೇಬಿಯದ ಜೆದ್ದಾದಲ್ಲಿ ಆಟಗಾರರನ್ನು ಎರಡು ದಿನ ಕೂಗಿ ಮಾರಿದಾಗ ಅದರ ರೀತಿನೀತಿ ಅವರಿಗೆ ನಮಗಿಂತ ಚೆನ್ನಾಗಿ ಅರ್ಥವಾಗಿದ್ದೀತು. ಜಡೇಜ ಗುಜರಾತಿನವರೆಂಬುದೂ ಅವರಿಗೆ ಗೊತ್ತು. ಗೊತ್ತಿದ್ದೂ ಅವರು ಆ ತಂಡವನ್ನು ತಮ್ಮದೆನ್ನುತ್ತಾರೆ. ಅದರ ಮೇಲೆ ಊರಿನ ಹೆಸರಿದೆ, ಅದು ಆರೇಳು ಕಿಲೋಮೀಟರು ದೂರದ ಅಂಗಳದಲ್ಲಿ ಆಡುತ್ತದೆ. ಊರಿನ ಹೆಸರಿಗೆ ಅಷ್ಟು ಬಲವಿದೆ. ಇಲ್ಲದಿದ್ದರೆ 2014ರ ನವೆಂಬರ್ 1ರಂದೇ ‘ಬೆಂಗಳೂರು’ ಎಂದಾದ ಊರಿನ ತಂಡ 2024ರ ಮಾರ್ಚಿನವರೆಗೂ ‘ಬ್ಯಾಂಗಲೂರ್’ ಎಂಬ ಹೆಸರಿನಲ್ಲಿಯೇ ಆಡುತ್ತಿದ್ದುದು ಕನ್ನಡಿಗರಿಗೆ ಅಷ್ಟೊಂದು ಚುಚ್ಚಬೇಕಾಗಿರಲಿಲ್ಲ. ಆ ಹೆಸರಿನ ಇನ್ನುಳಿದ ಭಾಗ ಒಂದು ವಿಸ್ಕಿಯಿಂದ ಬಂದದ್ದು ಎಂಬುದನ್ನು ಮಾತ್ರ ಎರಡು ಪಾಳೆಯದವರೂ ಬೇಗ ಮರೆತರು.

ನಮ್ಮ ತಕರಾರು ಅಭಿಮಾನದ ಮೇಲಲ್ಲ. ಆ ಅಭಿಮಾನಕ್ಕೆ ನಿಜವಾದ ಎದುರಾಳಿ ಸಿಗುತ್ತಿಲ್ಲವೆಂಬುದು ನಮ್ಮ ದೂರು.

ಕರ್ನಾಟಕ ತಮಿಳುನಾಡುಗಳ ನಡುವಿನ ಕ್ರಿಕೆಟ್ ಜಿದ್ದಿಗೆ ಒಂದು ತಂಡದ ಮಾಲೀಕನಿಗೂ ಮುಂಚಿನ ಚರಿತ್ರೆಯಿದೆ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದೇ ಮದರಾಸಿಗೂ ಮೈಸೂರಿಗೂ ನಡುವೆ, 1934ರ ನವೆಂಬರ್ 4ರಂದು, ಇದೇ ಚೆಪಾಕಿನಲ್ಲಿ. ಮೈಸೂರು 48ಕ್ಕೂ 59ಕ್ಕೂ ಉರುಳಿತು. ಮದರಾಸು ಒಂದೇ ಸರದಿಯಲ್ಲಿ 130 ಮಾಡಿ ಇನಿಂಗ್ಸ್ ಮತ್ತು 23 ರನ್ನುಗಳಿಂದ ಗೆದ್ದಿತು. ಎ. ಜಿ. ರಾಮ್‌ಸಿಂಗರು ಹನ್ನೊಂದು ವಿಕೆಟ್ ತೆಗೆದರು. ಇಡೀ ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮೈಸೂರಿನವರು ಅಂದು ಸಂಜೆಯ ರೈಲಿಗೇ ಹೊರಟರೋ ಉಳಿದ ದಿನಗಳಲ್ಲಿ ಮದರಾಸಿನ ಕಡಲು ನೋಡಿದರೋ, ಆ ಮುಜುಗರವನ್ನು ಯಾರಾದರೂ ಕತೆಗಾರರು ಬರೆಯಬೇಕಿತ್ತು. (ರೈಲಿನ ಮಾತು ಬಂದದ್ದರಿಂದ ಹೇಳುವುದಾದರೆ, ದಕ್ಷಿಣದ ಮೊದಲ ರೈಲು 1856ರಲ್ಲಿ ಹೊರಟದ್ದು ಕಾಸಿಮೇಡಿಗೆ ಅಂಟಿಕೊಂಡ ರಾಯಪುರದಿಂದ. ಎಂಟು ವರ್ಷಗಳಲ್ಲಿ ಅದರ ಕವಲು ಜೋಲಾರಪೇಟೆಯಿಂದ ಬೆಂಗಳೂರಿನ ದಂಡುಪ್ರದೇಶವನ್ನು ಮುಟ್ಟಿತು. ಎರಡು ಊರುಗಳ ನಂಟಿನ ಒಂದು ತುದಿ ಈ ಮೀನಿನ ವಾಸನೆಯ ಓಣಿಗಳ ಮಗ್ಗುಲಲ್ಲಿಯೇ ಇದೆ.)

ಆಮೇಲೆ ಹಲವು ದಶಕಗಳ ಕಾಲ ರಣಜಿ ಪಂದ್ಯಾವಳಿ ವಲಯಗಳ ಮೇಲೆ ನಡೆಯಿತು. ದಕ್ಷಿಣ ವಲಯದ ಲೀಗಿನಲ್ಲಿ ಕರ್ನಾಟಕವೂ ತಮಿಳುನಾಡೂ ವರ್ಷ ತಪ್ಪದೆ ಎದುರಾಗುತ್ತಿದ್ದವು. ಒಂದು ವರ್ಷ ಚೆಪಾಕಿನಲ್ಲಿ ಸೋತ ಹುಡುಗ ಮುಂದಿನ ವರ್ಷ ಬೆಂಗಳೂರಿನಲ್ಲಿ ತೀರಿಸಿಕೊಳ್ಳುವ ಆಸೆಯಿಟ್ಟುಕೊಂಡು ಬೇಸಿಗೆ ಕಳೆಯುತ್ತಿದ್ದ. 2002ರ ಹಂಗಾಮಿನಿಂದ ವಲಯಗಳ ಬದಲು ಎಲೀಟ್, ಪ್ಲೇಟ್ ಎಂಬ ದರ್ಜೆಗಳು ಬಂದವು. ಗುಂಪುಗಳು ಅಂಕಗಳ ಲೆಕ್ಕದಲ್ಲಿ ಕೂಡತೊಡಗಿದವು. ಅಂದಿನಿಂದ ಈ ಎರಡು ರಾಜ್ಯಗಳು ಒಂದು ವರ್ಷದಲ್ಲಿ ಎದುರಾಗುವುದೂ ಆಗದಿರುವುದೂ ಅದೃಷ್ಟದ ಮಾತಾಗಿದೆ. ಇದು ತಾಂತ್ರಿಕವಾಗಿ ಸರಿಯಾದ ಸುಧಾರಣೆಯೇ ಇರಬಹುದು, ಬಲವಾದ ತಂಡ ಬಲವಾದ ತಂಡದೊಡನೆ ಆಡಲಿ ಎಂಬ ವಾದದಲ್ಲಿ ಹುರುಳಿದೆ. ನೆರೆಹೊರೆಯ ಜಗಳವನ್ನು ಮಾತ್ರ ಅದು ಕಡತದಿಂದ ಅಳಿಸಿತು.

ಆದರೂ ಎದುರಾದಾಗಲೆಲ್ಲ ಏನಾಗುತ್ತದೆಂಬುದಕ್ಕೆ 2019ರ ಚಳಿಗಾಲದ ಉದಾಹರಣೆಯೊಂದು ಸಾಕು. ಅಕ್ಟೋಬರ್ 25ರಂದು ವಿಜಯ್ ಹಜಾರೆ ಟ್ರೋಫಿಯ ಫೈನಲ್ಲಿನಲ್ಲಿ ಬೆಂಗಳೂರಿನಲ್ಲಿ ಇವೆರಡೇ ತಂಡಗಳು. ತನ್ನ ಹುಟ್ಟುಹಬ್ಬದ ದಿನ ಅಭಿಮನ್ಯು ಮಿಥುನ್ ಹ್ಯಾಟ್ರಿಕ್ ಪಡೆದರು, ಕರ್ನಾಟಕ ಗೆದ್ದಿತು. ಡಿಸೆಂಬರ್ 1ರಂದು ಸೂರತ್ತಿನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಫೈನಲ್, ಮತ್ತೆ ಇವೆರಡೇ. ಕರ್ನಾಟಕ 180. ಕೊನೆಯ ಓವರಿನಲ್ಲಿ ತಮಿಳುನಾಡಿಗೆ 13 ಬೇಕು, ಕೃಷ್ಣಪ್ಪ ಗೌತಮರ ಕೈಯಲ್ಲಿ ಚೆಂಡು. ರವಿಚಂದ್ರನ್ ಅಶ್ವಿನ್ ಮೊದಲೆರಡು ಎಸೆತಕ್ಕೆ ಎರಡು ಬೌಂಡರಿ ಹೊಡೆದರು. ನಾಲ್ಕು ಎಸೆತದಲ್ಲಿ 5 ರನ್. ಬಂದದ್ದು ಮೂರು, ನಡುವೆ ವಿಜಯ್ ಶಂಕರ್ ರನೌಟ್. ಕರ್ನಾಟಕ ಒಂದು ರನ್ನಿನಿಂದ ಗೆದ್ದಿತು. ಹತ್ತು ದಿನ ಕಳೆಯುವಷ್ಟರಲ್ಲಿ ದಿಂಡಿಗಲ್ಲಿನಲ್ಲಿ ರಣಜಿ ಪಂದ್ಯ: 181ನ್ನು ಬೆನ್ನಟ್ಟಿದ ತಮಿಳುನಾಡು 154ಕ್ಕೆ ಮುಗಿಯಿತು. ಅದೇ ಗೌತಮರಿಗೆ 60 ರನ್ನಿಗೆ 8 ವಿಕೆಟ್. ಇನ್ನು 2021ರ ನವೆಂಬರ್ 22ರಂದು ದೆಹಲಿಯಲ್ಲಿ ಮುಷ್ತಾಕ್ ಅಲಿ ಫೈನಲ್ಲಿನಲ್ಲಿಯೇ ತಮಿಳುನಾಡು ಸಾಲ ತೀರಿಸಿಕೊಂಡಿತು. ಕರ್ನಾಟಕದ 151ಕ್ಕೆ ಎದುರಾಗಿ ಕೊನೆಯ ಎಸೆತಕ್ಕೆ ಐದು ರನ್ ಬೇಕಿದ್ದಾಗ ಶಾರುಖ್ ಖಾನ್ ಪ್ರತೀಕ್ ಜೈನರ ಚೆಂಡನ್ನು ಸಿಕ್ಸರಿಗೆ ಅಟ್ಟಿದರು.

ಇದಕ್ಕಿಂತ ಬಿಗುವಾದ ಪ್ರಾದೇಶಿಕ ಜಿದ್ದು ಬೇರೆಲ್ಲಿ ಉಂಟು? ಇಲ್ಲಿ ಆಡಿದವರು ಈ ನೆಲದ ಕ್ಲಬ್ಬುಗಳಲ್ಲಿ, ಕಾಲೇಜುಗಳಲ್ಲಿ ಆಡಿ ಬೆಳೆದವರು. ಬಹುಮಟ್ಟಿಗೆ ಒಬ್ಬರನ್ನೊಬ್ಬರು ಹದಿನಾಲ್ಕು ಹದಿನಾರನೆಯ ವಯಸ್ಸಿನಿಂದ ಬಲ್ಲವರು. ಸೂರತ್ತಿನಲ್ಲಿಯೂ ದೆಹಲಿಯಲ್ಲಿಯೂ ನಡೆದ ಆ ಕೊನೆಯ ಓವರುಗಳಿಗೆ ಎರಡೂ ರಾಜ್ಯಗಳ ಸಾಮಾನ್ಯ ಪ್ರೇಕ್ಷಕ ಹೋಗುವಂತೆಯೇ ಇರಲಿಲ್ಲ, ಅವು ಸಾವಿರಾರು ಕಿಲೋಮೀಟರು ದೂರ. ಕಾಸಿಮೇಡಿನ ತಾಂಡೇಲರಿಗೆ 2013ರ ನೋಬಾಲ್ ಗೊತ್ತು. ಶಾರುಖ್ ಖಾನರ ಸಿಕ್ಸರನ್ನು ನಾವು ಹೇಳಿದಾಗ ಅವರು ಮೊದಲು ಕೇಳಿದ್ದು, ಯಾವ ಐಪಿಎಲ್ ಪಂದ್ಯದಲ್ಲಿ ಎಂದು.

ಈ ಕೊರತೆ ಬರಿಯ ಕ್ರೀಡೆಯದಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಎರಡು ನಾಡುಗಳ ನಡುವೆ ಜಗಳವಾಡಲು ಒಂದು ಒಳ್ಳೆಯ ಜಾಗವಿಲ್ಲದಿದ್ದರೆ ಜಗಳ ಕೆಟ್ಟ ಜಾಗಗಳನ್ನು ಹುಡುಕಿಕೊಳ್ಳುತ್ತದೆ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಸುಟ್ಟವು, ಅದೇ ದಿನ ನಸುಕಿನಲ್ಲಿ ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದಕ್ಕೆ ಬೆಂಕಿಬಾಟಲಿ ಬಿದ್ದಿತ್ತು. 2018ರ ಏಪ್ರಿಲಿನಲ್ಲಿ ಕಾವೇರಿಯ ಸಿಟ್ಟು ಚೆಪಾಕಿನ ಒಳಕ್ಕೇ ಬಂದು ಅಂಗಳಕ್ಕೆ ಚಪ್ಪಲಿ ಬಿದ್ದು, ಚೆನ್ನೈ ತಂಡದ ಉಳಿದ ಊರಿನ ಪಂದ್ಯಗಳು ಪುಣೆಗೆ ಹೋದವು. ಆ ವರ್ಷ ಚೆನ್ನೈಯ ‘ತವರಿನ’ ಪಂದ್ಯದಲ್ಲಿ ಬೆಂಗಳೂರನ್ನು ಎದುರಿಸಿದ್ದು ಮೇ 5ರಂದು ಮಹಾರಾಷ್ಟ್ರದಲ್ಲಿ. ತಂಡ ಎಲ್ಲಿ ಬೇಕಾದರೂ ಆಡಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು. ಊರು ಮಾತ್ರ ಇದ್ದಲ್ಲಿಯೇ ಇತ್ತು, ಜಗಳವೂ.

ಎರಡು ರನ್ನಿನ ಆ ಪಂದ್ಯದ ಒಂದು ತಿಂಗಳ ನಂತರ, 2025ರ ಜೂನ್ 3ರಂದು, ಬೆಂಗಳೂರು ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸತ್ತವರಲ್ಲಿ ತಮಿಳುನಾಡಿನ ಮನೆಮಗಳೂ ಇದ್ದಳು, ಬೆಂಗಳೂರಿನ ತಂಡದ ಗೆಲುವನ್ನು ಕಣ್ಣಾರೆ ನೋಡಲು ಹೋದವಳು. ಆ ದಿನ ಯಾರ ತಪ್ಪೆಷ್ಟು ಎಂಬುದನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ನಮ್ಮನ್ನು ಕಾಡುವುದು ಬೇರೆ. ಒಂದು ಊರಿನ ಅಷ್ಟು ದೊಡ್ಡ ಪ್ರೀತಿಗೆ ವರ್ಷವಿಡೀ ಬಾಗಿಲು ತೆರೆದಿರುವ ಒಂದು ಅಂಗಳವೂ ಇರಲಿಲ್ಲ; ಒಂದು ಮಧ್ಯಾಹ್ನ ಬಾಗಿಲು ತೆರೆಯುತ್ತದೆಂಬ ಸುದ್ದಿ ಹಬ್ಬಿದಾಗ ಎಲ್ಲರೂ ಒಮ್ಮೆಗೇ ನುಗ್ಗಿದರು.

ಬಾಗಿಲಿನ ಬೆಲೆಯನ್ನೂ ನೋಡೋಣ. ಚೆಪಾಕಿನಲ್ಲಿ ಐಪಿಎಲ್ ಪಂದ್ಯದ ಅತಿ ಅಗ್ಗದ ಟಿಕೆಟ್ಟು 2025ರಲ್ಲಿ 1,700 ರೂಪಾಯಿ. 61 ದಿನದ ನಿಷೇಧ ಕಾಲಕ್ಕೆ ತಮಿಳುನಾಡು ಸರಕಾರ ಒಂದು ಮೀನುಗಾರ ಕುಟುಂಬಕ್ಕೆ ಕೊಡುವ ಪರಿಹಾರ 8,000 ರೂಪಾಯಿ. 2023ರವರೆಗೆ ಅದು 5,000 ಇತ್ತು. ಅಪ್ಪ ಮಗ ಇಬ್ಬರು ಒಂದು ಪಂದ್ಯ ನೋಡಿ ಬಂದರೆ ಎರಡು ತಿಂಗಳ ಪರಿಹಾರದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೋಯಿತು. ಕಾಸಿಮೇಡಿನವರು ಟಿವಿಯ ಮುಂದೆ ಕೂರುವುದು ಸೋಮಾರಿತನದಿಂದಲ್ಲ. ಈ ಓಣಿಗಳಿಗೆ ಆಟದ ಕೊರತೆಯೂ ಇಲ್ಲ. ಉತ್ತರ ಚೆನ್ನೈಯಲ್ಲಿ ಬಾಕ್ಸಿಂಗ್, ಫುಟ್ಬಾಲ್, ಕೇರಂಗಳಿಗೆ ತಲೆಮಾರುಗಳ ಪರಂಪರೆಯಿದೆ. 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್ಪಿನಲ್ಲಿ ಮೂರು ಚಿನ್ನ ಗೆದ್ದ ಕಾಸಿಮಾ ಇದೇ ಸೀಮೆಯ ಆಟೋ ಚಾಲಕರೊಬ್ಬರ ಮಗಳು. ಆಡಲು ಬಲ್ಲ ಜನಕ್ಕೆ ನೋಡಲು ಮಾತ್ರ ಜಾಗವಿಲ್ಲ.

ಚೆಪಾಕಿನ ಪ್ರೇಕ್ಷಕರ ಬಗ್ಗೆ ನಾವು ಕನ್ನಡಿಗರು ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು. 1999ರ ಜನವರಿ 31. ಪಾಕಿಸ್ತಾನದೆದುರು ಗೆಲ್ಲಲು 271 ಬೇಕಿತ್ತು. ಹಿಂದಿನ ದಿನವಷ್ಟೇ ಬೆಂಗಳೂರಿನ ವೆಂಕಟೇಶ್ ಪ್ರಸಾದ್ 33 ರನ್ನಿಗೆ 6 ವಿಕೆಟ್ ಕಿತ್ತು ಪಂದ್ಯವನ್ನು ಕೈಗೆ ತಂದಿದ್ದರು. ಬೆನ್ನುನೋವಿನಲ್ಲಿಯೇ 136 ಹೊಡೆದ ಸಚಿನ್ ತೆಂಡೂಲ್ಕರ್ ಔಟಾದಾಗ ಇನ್ನು 17 ಸಾಕಿತ್ತು, ಮೂರು ವಿಕೆಟ್ ಉಳಿದಿದ್ದವು. ಉಳಿದ ನಾಲ್ವರು ಆಟಗಾರರೂ ಕರ್ನಾಟಕದವರೇ: ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ಪ್ರಸಾದ್. ನಾಲ್ಕೇ ರನ್ ಸೇರಿ ಎಲ್ಲ ಮುಗಿಯಿತು, ಭಾರತ 12 ರನ್ನಿನಿಂದ ಸೋತಿತು. ನಾಲ್ವರು ಕನ್ನಡಿಗರು ಹದಿನೇಳು ರನ್ ಮಾಡಲಾರದೆ ಚೆನ್ನೈಯಲ್ಲಿ ದೇಶವನ್ನು ಸೋಲಿಸಿದರೆಂದು ಬೈಯುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಚೆಪಾಕಿನ ಜನ ಎದ್ದು ನಿಂತು ಗೆದ್ದ ಪಾಕಿಸ್ತಾನಿ ತಂಡಕ್ಕೆ ಚಪ್ಪಾಳೆ ತಟ್ಟಿದರು, ಆ ತಂಡ ಅಂಗಳ ಸುತ್ತಿ ವಂದಿಸಿತು. ಈಚಿನ ವರ್ಷಗಳಲ್ಲಿ ಅದೇ ಅಂಗಳದಲ್ಲಿ, ಧೋನಿ ಬರಲೆಂದು ಆಗ ತಮ್ಮ ತಂಡದಲ್ಲಿದ್ದ ಜಡೇಜ ಔಟಾದರೂ ಜನ ಕೇಕೆ ಹಾಕುತ್ತಿದ್ದರೆಂಬ ಮಾತಿದೆ. ಜನ ಕೆಟ್ಟರೆಂದು ನಾವು ಒಪ್ಪುವುದಿಲ್ಲ. ಅವರ ಮುಂದೆ ಇಟ್ಟ ಆಟ ಬೇರೆ. ಅದು ನಟನೊಬ್ಬನ ಪ್ರವೇಶಕ್ಕೆ ಕಾಯುವುದನ್ನು ಕಲಿಸುತ್ತದೆ, ಎದುರಾಳಿಯನ್ನು ನೋಡುವುದನ್ನಲ್ಲ.

ಆದ್ದರಿಂದ ನಮ್ಮ ಬಳಗದ ಒಂದು ಬೇಡಿಕೆ. ಕರ್ನಾಟಕ ಮತ್ತು ತಮಿಳುನಾಡಿನ ಕ್ರಿಕೆಟ್ ಸಂಸ್ಥೆಗಳು ತಮ್ಮ ತಮ್ಮ ಊರಿನಲ್ಲಿ ಮಳೆಗಾಲದ ಹೊತ್ತಿಗೆ ಆಹ್ವಾನಿತ ಪಂದ್ಯಾವಳಿಗಳನ್ನು ನಡೆಸುವ ಅಭ್ಯಾಸ ಇಟ್ಟುಕೊಂಡಿವೆ, ಅಲ್ಲಿ ತಿಮ್ಮಪ್ಪಯ್ಯ ಸ್ಮಾರಕ, ಇಲ್ಲಿ ಬುಚ್ಚಿಬಾಬು. ಅದರ ಜೊತೆಗೆ, ರಣಜಿಯ ಗುಂಪುಗಳು ಹೇಗೇ ಕೂಡಿದರೂ, ಎರಡು ರಾಜ್ಯ ತಂಡಗಳು ವರ್ಷಕ್ಕೊಮ್ಮೆ ಎದುರಾಗುವ ಪಂದ್ಯವೊಂದನ್ನು ಒಪ್ಪಿಕೊಳ್ಳಲಿ. ಒಂದು ವರ್ಷ ಚೆಪಾಕು, ಮರುವರ್ಷ ಚಿನ್ನಸ್ವಾಮಿ. ಎರಡು ಅಂಗಳಗಳಿಗೂ ಆಡಳಿತಗಾರರ ಹೆಸರಿದೆಯೇ ಹೊರತು ಆಟಗಾರರದಲ್ಲ. ಆ ಕಪ್ಪಿಗಾದರೂ ಒಬ್ಬ ಆಟಗಾರನ ಹೆಸರಿಡಲಿ. ಬಿಸಿಲೆನ್ನುವವರಿಗೆ ದೀಪಗಳಿವೆ, ಇಪ್ಪತ್ತು ಓವರಿನ ಆಟವೇ ಆಗಲಿ. ಪ್ರವೇಶಕ್ಕೆ ದುಡ್ಡಿರಬಾರದು, ಮೊದಲೇ ಹೆಸರು ಬರೆಸಿಕೊಂಡು ಚೀಟಿ ಕೊಟ್ಟರೆ ನೂಕುನುಗ್ಗಲಿನ ಭಯವಿಲ್ಲ.

ನಷ್ಟವಾಗುತ್ತದೆಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ. ನಗರಪಾಲಿಕೆಯ ಅನುಮತಿಯ ತಕರಾರಿನಿಂದ ಚೆಪಾಕಿನ ಐ, ಜೆ, ಕೆ ಎಂಬ ಮೂರು ಗ್ಯಾಲರಿಗಳಿಗೆ ಹಲವು ವರ್ಷ ಬೀಗ ಬಿದ್ದಿತ್ತು. ಸುಮಾರು 12,000 ಆಸನಗಳು ಖಾಲಿಯಿದ್ದಾಗಲೂ ಪಂದ್ಯಗಳು ನಡೆದವು, ಸಂಸ್ಥೆ ಬಾಗಿಲು ಮುಚ್ಚಲಿಲ್ಲ. ವರ್ಷಕ್ಕೊಂದು ಸಂಜೆ ಅಷ್ಟೇ ಆಸನಗಳನ್ನು ರಾಯಪುರ, ಕಾಸಿಮೇಡು, ತಂಡಿಯಾರ್‌ಪೇಟೆಗಳ ಜನಕ್ಕೆ ಬಿಟ್ಟುಕೊಟ್ಟರೆ ಲೆಕ್ಕಪತ್ರದಲ್ಲಿ ಅದು ಎದ್ದು ಕಾಣಲಾರದು.